ಸೋಂಕು, ಲಸಿಕೆ, ಔಷಧ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಕೊಟ್ಟಿರುವ ಪ್ರಮಾಣಗಳು ವಿಷಯ ಅರ್ಥವಾಗಲೆಂದು. ನಿಮ್ಮ ತೂಕ, ವಯಸ್ಸು, ಮೂತ್ರಪಿಂಡದ ಸ್ಥಿತಿ, ಬಸಿರು, ಈಗಾಗಲೇ ನುಂಗುತ್ತಿರುವ ಮಾತ್ರೆಗಳು ಇವನ್ನೆಲ್ಲ ನೋಡಿ ಔಷಧ ಬರೆಯಬೇಕಾದವರು ನಿಮ್ಮನ್ನು ಪರೀಕ್ಷಿಸಿದ ವೈದ್ಯರು.

ರೋಗಾಣು ಒಳಹೊಕ್ಕರೆ ದೇಹ ತಾನಾಗಿಯೇ ಏನು ಮಾಡುತ್ತದೆ?

ಚರ್ಮ, ಮೂಗು-ಗಂಟಲಿನ ಲೋಳೆ, ಹೊಟ್ಟೆಯ ಆಮ್ಲ ಇವು ಹೆಚ್ಚಿನವನ್ನು ಬಾಗಿಲಲ್ಲೇ ತಡೆಯುತ್ತವೆ. ದಾಟಿ ಬಂದವನ್ನು ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಮುತ್ತಿ ನುಂಗುತ್ತವೆ. ಗಾಯ ಕೆಂಪಾಗುವುದು, ಊದುವುದು, ಕೀವು ಕಟ್ಟುವುದು, ಜ್ವರ ಬರುವುದು ಬಹುಮಟ್ಟಿಗೆ ಈ ಕಾದಾಟದ ಗುರುತುಗಳು.

ಎರಡನೆಯ ಪಡೆ ನಿಧಾನ. ಬಿ ಮತ್ತು ಟಿ ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಲ್ಲಿ ಒಂದೊಂದೂ ಒಂದೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲದು. ಬಂದ ರೋಗಾಣುವಿಗೆ ಹೊಂದುವ ಕೋಶ ಸಿಕ್ಕಬೇಕು, ಅದು ಸಾವಿರಾರು ಪಟ್ಟು ಹೆಚ್ಚಬೇಕು. ಇದಕ್ಕೆ 4ರಿಂದ 7 ದಿನ ಬೇಕು. ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರತಿಕಾಯ ಎಂಬ ಪ್ರೋಟೀನ್‌ಗಳು ಸಾಕಷ್ಟು ರಕ್ತಕ್ಕೆ ಬರುವಷ್ಟರಲ್ಲಿ 10-14 ದಿನವಾಗಿರುತ್ತದೆ. ಅತ್ತ ಈ. ಕೋಲೈಯಂಥ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ತಡೆಯೇ ಇಲ್ಲದಿದ್ದರೆ ಒಂದು ಕೋಶ 8 ಗಂಟೆಗಳಲ್ಲಿ 1 ಕೋಟಿ 67 ಲಕ್ಷ ಆಗುವ ಲೆಕ್ಕ. ದೇಹದೊಳಗೆ ಅಷ್ಟು ವೇಗ ಸಿಗುವುದಿಲ್ಲ. ಆದರೂ ಓಟದಲ್ಲಿ ಯಾರು ಮುಂದಿದ್ದಾರೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಹಾಗಾದರೆ ಔಷಧ ಎಲ್ಲಿ ಕೈಹಾಕುತ್ತದೆ?

ಈ ಓಟದ ಹೊತ್ತನ್ನು ನಮ್ಮ ಕಡೆಗೆ ತಿರುಗಿಸುವುದೇ ಅದರ ಕೆಲಸ. ಲಸಿಕೆ ಆ ಎರಡು ವಾರಗಳ ಪಾಠವನ್ನು ಮೊದಲೇ ಮುಗಿಸಿಡುತ್ತದೆ. ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಬೇರೆಡೆ ತಯಾರಾದ ಪ್ರತಿಕಾಯಗಳನ್ನು ಸಾಲ ಕೊಡುತ್ತದೆ. ಆಂಟಿಬಯೋಟಿಕ್, ವೈರಸ್ ನಿರೋಧಕಗಳು ರೋಗಾಣುಗಳ ಎಣಿಕೆ ಇಳಿಸುತ್ತವೆ. ಸಲೈನ್, ಆಮ್ಲಜನಕ, ಓಆರ್‌ಎಸ್ ಯಾವ ರೋಗಾಣುವನ್ನೂ ಕೊಲ್ಲದಿದ್ದರೂ ದೇಹ ಕುಸಿಯದಂತೆ ಹಿಡಿದು ನಿಲ್ಲಿಸುತ್ತವೆ. ಸೋಂಕಿನ ಕೊನೆಯ ರೋಗಾಣುವನ್ನು ಗುಡಿಸಿ ಹಾಕುವುದು ಬಹುತೇಕ ನಮ್ಮ ಬಿಳಿ ರಕ್ತಕಣಗಳೇ. ಕೀಮೋಥೆರಪಿಯಿಂದ ನ್ಯೂಟ್ರೋಫಿಲ್‌ಗಳು ತೀರಾ ಇಳಿದವರಲ್ಲಿ ಸರಿಯಾದ ಆಂಟಿಬಯೋಟಿಕ್ ಕೊಟ್ಟರೂ ಸೋಂಕು ಜಗ್ಗದೆ ಕಾಡುವುದು ಇದರಿಂದಲೇ.

ಲಸಿಕೆಯೊಳಗೆ ಏನಿರುತ್ತದೆ?

ರೋಗಾಣುವಿನ ಗುರುತು ಇರುತ್ತದೆ, ರೋಗ ತರುವ ಶಕ್ತಿ ಇರುವುದಿಲ್ಲ. 1796ರಲ್ಲಿ ಎಡ್ವರ್ಡ್ ಜೆನ್ನರ್ ಬಳಸಿದ್ದು ಹಸುವಿನ ಸಿಡುಬಿನ ಗುಳ್ಳೆಯ ದ್ರವ. ಆ ದಾರಿ ಹಿಡಿದು ನಡೆದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದ ಅಳಿದಿದೆ ಎಂದು ಘೋಷಿಸಿತು. ಇಂದಿನ ದಡಾರ, ಬಿಸಿಜಿ (ಕ್ಷಯದ ಲಸಿಕೆ), ಬಾಯಿಗೆ ಹಾಕುವ ಪೋಲಿಯೊ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುತ್ತದೆ. ರೇಬೀಸ್ ಲಸಿಕೆಯಲ್ಲಿ, ಚುಚ್ಚುವ ಪೋಲಿಯೊ ಲಸಿಕೆಯಲ್ಲಿ ಸತ್ತ ವೈರಸ್. ಧನುರ್ವಾಯು, ಗಂಟಲಮಾರಿಗೆ ರೋಗಾಣುವಿನ ವಿಷವನ್ನೇ ನಿರ್ವಿಷಗೊಳಿಸಿ ಕೊಡುತ್ತಾರೆ, ಏಕೆಂದರೆ ಆ ರೋಗಗಳಲ್ಲಿ ಕೊಲ್ಲುವುದು ವಿಷ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ವೈರಸ್‌ನ ಹೊರಮೈಯ ಒಂದೇ ಒಂದು ಪ್ರೋಟೀನ್. ಎಂಆರ್‌ಎನ್‌ಎ ಲಸಿಕೆಯಲ್ಲಿ ಪ್ರೋಟೀನ್ ಕೂಡ ಇಲ್ಲ, ಅದನ್ನು ಕಟ್ಟುವ ಸೂಚನೆ ಮಾತ್ರ. ಆ ಸೂಚನೆ ಓದಿ ನಮ್ಮ ಕೋಶಗಳೇ ಪ್ರೋಟೀನ್ ತಯಾರಿಸುತ್ತವೆ, ಸೂಚನೆ ಬೇಗನೆ ಕರಗಿಹೋಗುತ್ತದೆ.

ಬಸುರಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ದುರ್ಬಲಗೊಳಿಸಿದ ವೈರಸ್ ಕೂಡ ತಡೆಯುವವರಿಲ್ಲದಿದ್ದರೆ ಬೆಳೆಯಬಲ್ಲದು.

ಒಂದೇ ಡೋಸ್ ಯಾಕೆ ಸಾಲದು?

ಎಲ್ಲ ಲಸಿಕೆಗಳಿಗೂ ಒಂದೇ ಉತ್ತರವಿಲ್ಲ. ಧನುರ್ವಾಯುವಿನಂಥ ನಿರ್ಜೀವ ಲಸಿಕೆಯ ಮೊದಲ ಡೋಸ್ ಪರಿಚಯ ಮಾಡಿಸುತ್ತದೆ ಅಷ್ಟೆ. ಎರಡನೆಯದು, ಮೂರನೆಯದು ಬಂದಾಗ ಸ್ಮರಣೆಯ ಕೋಶಗಳು ಎಚ್ಚೆತ್ತು ಇನ್ನಷ್ಟು ಬಿಗಿಯಾಗಿ ಅಂಟುವ ಪ್ರತಿಕಾಯಗಳನ್ನು ಹೆಚ್ಚಾಗಿ ಮಾಡುತ್ತವೆ. ವರ್ಷಗಳು ಕಳೆದಂತೆ ಮಟ್ಟ ಇಳಿಯುವುದರಿಂದ ಬೂಸ್ಟರ್ ಬೇಕು.

ದಡಾರದ ಕಥೆ ಬೇರೆ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಉಳಿದಿದ್ದರೆ ಅವು ಲಸಿಕೆಯ ವೈರಸ್ಸನ್ನೇ ಹೊಡೆದುಹಾಕುತ್ತವೆ, ಪಾಠ ಆಗುವುದೇ ಇಲ್ಲ. ಆದ್ದರಿಂದ 9 ಅಥವಾ 12 ತಿಂಗಳವರೆಗೆ ಕಾಯುತ್ತಾರೆ. 9 ತಿಂಗಳಲ್ಲಿ ಕೊಟ್ಟ ಡೋಸ್ ಸುಮಾರು ಶೇ. 85 ಮಕ್ಕಳಲ್ಲಿ ನಾಟುತ್ತದೆ. ಎರಡನೆಯ ಡೋಸ್ ಮೊದಲ ಸಲ ನಾಟದೇ ಉಳಿದವರನ್ನು ಹಿಡಿಯಲಿಕ್ಕಾಗಿ, ಬಲ ಹೆಚ್ಚಿಸಲಿಕ್ಕಲ್ಲ.

ಡೋಸ್ ತಡವಾಗಿದೆಯೆಂದು ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ನಿಗದಿಗಿಂತ ಬೇಗ ಕೊಟ್ಟರೆ ಮಾತ್ರ ತೊಂದರೆ, ಹಿಂದಿನ ಪಾಠ ಇನ್ನೂ ನಡೆಯುತ್ತಿರುವುದರಿಂದ ಹೊಸ ಡೋಸ್ ವ್ಯರ್ಥವಾಗಬಹುದು.

ಲಸಿಕೆ ಹಾಕಿಸಿದವರಿಗೂ ರೋಗ ಬರುತ್ತದಲ್ಲ?

ಬರುತ್ತದೆ. ಯಾವ ಲಸಿಕೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಆದರೆ ಪಾಠ ಕಲಿತ ದೇಹ ಎರಡು ವಾರದ ಬದಲು ಕೆಲವೇ ದಿನಗಳಲ್ಲಿ ಸಜ್ಜಾಗುವುದರಿಂದ ರೋಗ ಬಂದರೂ ಹಲವು ಸಲ ಹಗುರವಾಗಿ ಹೋಗುತ್ತದೆ.

ಉಳಿದ ಕೊರತೆಯನ್ನು ತುಂಬುವುದು ಸುತ್ತಲಿನ ಜನ. ಯಾರಿಗೂ ಪ್ರತಿರೋಧ ಇಲ್ಲದ ಕಡೆ ಒಬ್ಬ ದಡಾರದ ರೋಗಿ 12ರಿಂದ 18 ಮಂದಿಗೆ ಹಬ್ಬಿಸಬಲ್ಲ. ಅದನ್ನು ನಿಲ್ಲಿಸಲು ಸುಮಾರು ಶೇ. 95 ಜನರಿಗೆ ಪ್ರತಿರೋಧ ಇರಬೇಕು. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಹಾಕಿಸಿದ್ದೇವೆ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಧನುರ್ವಾಯು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಮಣ್ಣಿನಿಂದ ಗಾಯಕ್ಕೆ ಬರುತ್ತದೆ, ಮನುಷ್ಯರಿಂದ ಅಲ್ಲ. ಊರಿಗೆಲ್ಲ ಲಸಿಕೆ ಆಗಿದ್ದರೂ ಹಾಕಿಸಿಕೊಳ್ಳದವರಿಗೆ ರಕ್ಷಣೆಯಿಲ್ಲ.

ಲಸಿಕೆ ಕೆಟ್ಟಿದೆಯೇ ಎಂದು ಹೇಗೆ ತಿಳಿಯುವುದು?

ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿ ತಾಕಿದರೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದನ್ನೇ ಮರೆಯುವುದು. ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಲಸಿಕೆ), ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳಲ್ಲಿ ಪರಿಣಾಮ ಹೆಚ್ಚಿಸಲು ಅಲ್ಯೂಮಿನಿಯಂ ಲವಣ ಸೇರಿಸಿರುತ್ತಾರೆ. ಹೆಪ್ಪುಗಟ್ಟಿ ಕರಗಿದರೆ ಅದರ ಕಣಗಳು ಒಟ್ಟುಗೂಡಿ ಗಷ್ಟಾಗುತ್ತವೆ, ಲಸಿಕೆಯ ಬಲ ಹೋಗುತ್ತದೆ. ಇಂಥ ಸೀಸೆಯನ್ನು ಕುಲುಕಿ ಇಟ್ಟರೆ ಗಷ್ಟು ಬೇಗ ತಳ ಸೇರುತ್ತದೆ. ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಅದೇ ತಯಾರಿಕೆಯ ಸೀಸೆಯನ್ನು ಪಕ್ಕದಲ್ಲಿಟ್ಟು ಹೋಲಿಸುವುದೇ ಸರಿಯಾದ ಪರೀಕ್ಷೆ.

ಸೀಸೆಯ ಮೇಲೆ ವೃತ್ತದೊಳಗೆ ಚೌಕವಿರುವ ಗುರುತಿದ್ದರೆ ನೋಡಿ. ಒಳಚೌಕ ಹೊರವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಅಷ್ಟೇ ಗಾಢವಾಗಿದ್ದರೆ ಅಥವಾ ಇನ್ನೂ ಗಾಢವಾದರೆ ಬಿಸಾಡಬೇಕು. ಆ ಗುರುತು ಬಿಸಿಯನ್ನು ಮಾತ್ರ ದಾಖಲಿಸುತ್ತದೆ. ದಡಾರದ ಲಸಿಕೆಯ ಪುಡಿಯನ್ನು ದ್ರಾವಣದಲ್ಲಿ ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅದರಲ್ಲಿ ಬ್ಯಾಕ್ಟೀರಿಯಾ ತಡೆಯುವ ರಾಸಾಯನಿಕ ಇರುವುದಿಲ್ಲ, ಇಟ್ಟುಕೊಂಡು ಚುಚ್ಚಿದರೆ ಮಗುವಿಗೆ ಮಾರಕ ಸೋಂಕು ತಗುಲಬಹುದು.

ನಾಯಿ ಕಚ್ಚಿದ ಮೇಲೆ ಲಸಿಕೆ ಹಾಕಿಸಿದರೆ ಏನು ಪ್ರಯೋಜನ?

ಉಳಿದ ಹೆಚ್ಚಿನ ರೋಗಗಳಲ್ಲಿ ಅದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ರೇಬೀಸ್‌ನಲ್ಲಿ ಹಾಗಲ್ಲ. ವೈರಸ್ ಗಾಯದಿಂದ ನರದ ಗುಂಟ ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ, ಲಕ್ಷಣ ಕಾಣಲು ಸಾಮಾನ್ಯವಾಗಿ 2-3 ತಿಂಗಳು ಬೇಕು. ಆ ಬಿಡುವಿನಲ್ಲಿ ಲಸಿಕೆ ಪಾಠ ಮುಗಿಸಬಲ್ಲದು. ಲಕ್ಷಣ ಕಂಡ ಮೇಲೆ ಮಾತ್ರ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಮುಖ, ತಲೆ, ಕೈಗೆ ಆದ ಕಡಿತ ಹೆಚ್ಚು ಅಪಾಯ, ಮೆದುಳಿಗೆ ದಾರಿ ಹತ್ತಿರ ಅಥವಾ ನರಗಳು ದಟ್ಟ.

ಮೊದಲ ಕೆಲಸ ನಲ್ಲಿಯ ಕೆಳಗೆ. ಹರಿಯುವ ನೀರು ಮತ್ತು ಸೋಪಿನಿಂದ ಗಾಯವನ್ನು 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಸೋಪು ವೈರಸ್‌ನ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಮೆತ್ತಬೇಡಿ.

ಚರ್ಮ ಹರಿದು ರಕ್ತ ಬಂದಿದ್ದರೆ, ಗಾಯ ಅಥವಾ ಬಾಯಿ-ಕಣ್ಣಿನ ಒಳಪೊರೆಗೆ ಜೊಲ್ಲು ತಾಕಿದ್ದರೆ ಲಸಿಕೆ ಒಂದೇ ಸಾಲದು. ಲಸಿಕೆಯ ಪ್ರತಿಕಾಯ ಬರುವವರೆಗಿನ ಅಂತರ ತುಂಬಲು ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಬೇಕು. ಮನುಷ್ಯರಿಂದ ತೆಗೆದದ್ದಾದರೆ ಪ್ರತಿ ಕಿಲೊ ತೂಕಕ್ಕೆ 20 ಯೂನಿಟ್, ಕುದುರೆಯಿಂದ ತೆಗೆದದ್ದಾದರೆ 40 ಯೂನಿಟ್ ಗರಿಷ್ಠ ಮಿತಿ. ಅದನ್ನು ಗಾಯದ ಒಳಗೆ, ಸುತ್ತ ಚುಚ್ಚಬೇಕು. ನೋವಾಗುತ್ತದೆ, ಆದರೆ ವೈರಸ್ ಇರುವುದು ಅಲ್ಲೇ. ಲಸಿಕೆಯ ಮೊದಲ ಡೋಸ್ ಆಗಿ 7 ದಿನ ಕಳೆದ ಮೇಲೆ ಇದನ್ನು ಕೊಡುವುದಿಲ್ಲ, ಅಷ್ಟರಲ್ಲಿ ದೇಹ ತನ್ನದೇ ಪ್ರತಿಕಾಯ ಮಾಡಲು ತೊಡಗಿರುತ್ತದೆ.

ಸ್ನಾಯುವಿಗೆ ಕೊಡುವ ಹಳೆಯ ಕ್ರಮದಲ್ಲಿ ಲಸಿಕೆಯ ದಿನಗಳು 0, 3, 7, 14, 28. ಈಗ ಕಡಿಮೆ ಡೋಸ್‌ನ ಕ್ರಮಗಳೂ ಇವೆ. ಸೊನ್ನೆಯ ದಿನವೆಂದರೆ ಮೊದಲ ಡೋಸ್ ಹಾಕಿಸಿದ ದಿನ, ಕಚ್ಚಿದ ದಿನವಲ್ಲ. ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಯ ಹೊರಬದಿಗೆ ಚುಚ್ಚಬೇಕು. ಪೃಷ್ಠಕ್ಕೆ ಚುಚ್ಚಿದರೆ ಲಸಿಕೆ ಕೊಬ್ಬಿನಲ್ಲಿ ಸಿಕ್ಕಿಕೊಂಡು ಪ್ರತಿಕಾಯ ಸಾಕಷ್ಟು ಬರುವುದಿಲ್ಲ.

ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಂದು ನಮ್ಮನ್ನು ಹೇಗೆ ಬಿಡುತ್ತದೆ?

ನಮ್ಮಲ್ಲಿ ಇಲ್ಲದ, ಅದರಲ್ಲಿ ಮಾತ್ರ ಇರುವ ಭಾಗಕ್ಕೆ ಗುರಿಯಿಡುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಗೋಡೆಯ ಹೆಣಿಗೆಯನ್ನು ತಡೆಯುತ್ತದೆ. ಗೋಡೆ ದುರ್ಬಲವಾದಾಗ ಒಳಗಿನ ಒತ್ತಡಕ್ಕೆ ಕೋಶ ಸಿಡಿಯುತ್ತದೆ. ನಮ್ಮ ಕೋಶಗಳಿಗೆ ಅಂಥ ಗೋಡೆಯೇ ಇಲ್ಲ. ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾ ಪ್ರೋಟೀನ್ ಕಟ್ಟುವ ರೈಬೊಸೋಮ್‌ಗೆ ಅಂಟುತ್ತವೆ, ಅದರ ರಚನೆ ನಮ್ಮದಕ್ಕಿಂತ ಬೇರೆ. ಸಲ್ಫಾ ಔಷಧಗಳು ಫೋಲೇಟ್ ಎಂಬ ವಿಟಮಿನ್‌ನ ತಯಾರಿಯನ್ನು ನಿಲ್ಲಿಸುತ್ತವೆ. ನಾವು ಫೋಲೇಟನ್ನು ಊಟದಿಂದ ಪಡೆಯುತ್ತೇವೆ, ಬ್ಯಾಕ್ಟೀರಿಯಾ ತಾನೇ ಮಾಡಿಕೊಳ್ಳಬೇಕು.

ನೆಗಡಿಗೆ, ಫ್ಲೂ ಜ್ವರಕ್ಕೆ ಯಾಕೆ ಆಂಟಿಬಯೋಟಿಕ್ ಬೇಡ?

ಮೇಲಿನ ಉತ್ತರದಲ್ಲೇ ಕಾರಣವಿದೆ. ವೈರಸ್‌ಗೆ ಕೋಶಗೋಡೆಯೂ ಇಲ್ಲ, ಸ್ವಂತ ರೈಬೊಸೋಮೂ ಇಲ್ಲ. ಹೊಡೆಯಲು ಗುರಿಯೇ ಇಲ್ಲ. ಸಿಂಬಳ ಹಳದಿ, ಹಸಿರು ಆಗಿರುವುದು ಬ್ಯಾಕ್ಟೀರಿಯಾಕ್ಕೆ ಸಾಕ್ಷಿಯಲ್ಲ, ಆ ಬಣ್ಣ ನ್ಯೂಟ್ರೋಫಿಲ್‌ಗಳೊಳಗಿನ ಕಿಣ್ವದ್ದು.

ಇನ್ನೂ ಸ್ಟ್ರಾಂಗ್ ಆದ ಮಾತ್ರೆ ಕೊಡಬಾರದೇ?

ಈ ಪ್ರಶ್ನೆಯ ಬದಲು "ಯಾವ ರೋಗಾಣು, ಎಲ್ಲಿದೆ?" ಎಂದು ಕೇಳಿ. ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಮದ್ದು, ಏಕೆಂದರೆ ಅದು ಮೂತ್ರದಲ್ಲಿ ಸಾಂದ್ರವಾಗಿ ಸೇರುತ್ತದೆ. ರಕ್ತದಲ್ಲಿ ಸಾಕಷ್ಟು ಮಟ್ಟಕ್ಕೆ ಏರುವುದಿಲ್ಲವಾದ್ದರಿಂದ ಸೋಂಕು ಮೂತ್ರಪಿಂಡಕ್ಕೆ ಏರಿದ್ದರೆ ಕೆಲಸಕ್ಕೆ ಬಾರದು. ಕೀವಿನ ಗಂಟಿನೊಳಗೆ ಯಾವ ಔಷಧವೂ ಸರಿಯಾಗಿ ನುಗ್ಗುವುದಿಲ್ಲ. ಮೊದಲು ಕೊಯ್ದು ಕೀವು ತೆಗೆಯಬೇಕು.

ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ, ಮೂತ್ರ, ಕಫವನ್ನು ಸಾಧ್ಯವಾದಷ್ಟೂ ಮೊದಲ ಡೋಸ್‌ಗೆ ಮುಂಚೆ ತೆಗೆಯಬೇಕು. ಒಂದು ಮಾತ್ರೆ ಬಿದ್ದರೂ ಬ್ಯಾಕ್ಟೀರಿಯಾ ಬೆಳೆಯದೆ ವರದಿ ಖಾಲಿ ಬರಬಹುದು. ವರದಿಯಲ್ಲಿ 'ಎಸ್' ಎಂದರೆ ಆ ಔಷಧಕ್ಕೆ ಬಗ್ಗುತ್ತದೆ, 'ಆರ್' ಎಂದರೆ ಬಗ್ಗುವುದಿಲ್ಲ. ಪಕ್ಕದ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಸಾಂದ್ರತೆ) ಅಂಕಿಗಳನ್ನು ಒಂದು ಔಷಧಕ್ಕೂ ಇನ್ನೊಂದಕ್ಕೂ ಹೋಲಿಸಬೇಡಿ. ಪ್ರತಿ ಔಷಧಕ್ಕೂ ಗಡಿಯಂಕಿ ಬೇರೆ, ಸಣ್ಣ ಅಂಕಿ ಇರುವುದೇ ಉತ್ತಮ ಔಷಧ ಅಲ್ಲ. ಉರಿ, ಜ್ವರ ಏನೂ ಇಲ್ಲದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಬಸುರಿಯರು, ಮೂತ್ರನಾಳದ ಶಸ್ತ್ರಕ್ರಿಯೆಗೆ ಹೋಗುವವರು ಇದಕ್ಕೆ ಮುಖ್ಯ ಹೊರತು.

ಎರಡು ದಿನದಲ್ಲಿ ಜ್ವರ ಬಿಟ್ಟಿತು. ಮಾತ್ರೆ ನಿಲ್ಲಿಸಬಹುದೇ?

ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಎಷ್ಟು ದಿನ ಎಂಬುದು ರೋಗದ ಮೇಲೆ ನಿಂತಿದೆ. ಬೇಗ ಗುಣ ಕಾಣುವ ಸಾಮಾನ್ಯ ನ್ಯುಮೋನಿಯಾಕ್ಕೆ 5 ದಿನ ಸಾಕಾಗುವುದುಂಟು. ಉದ್ದ ಎಳೆದಷ್ಟೂ ಒಳ್ಳೆಯದೆಂಬ ಹಳೆಯ ನಂಬಿಕೆ ಈಗ ಉಳಿದಿಲ್ಲ. ಆದರೆ ಸ್ಟ್ರೆಪ್ಟೊಕಾಕಸ್ ಗಂಟಲುನೋವಿಗೆ ಪೆನಿಸಿಲಿನ್ ಕೊಟ್ಟರೆ 10 ದಿನ. ನೋವು ಮೂರೇ ದಿನದಲ್ಲಿ ಹೋದರೂ, ಮುಂದೆ ಹೃದಯದ ಕವಾಟ ಕೆಡಿಸುವ ರುಮಾಟಿಕ್ ಜ್ವರವನ್ನು ತಡೆಯಲು ಗಂಟಲಿನಿಂದ ಬ್ಯಾಕ್ಟೀರಿಯಾ ಪೂರ್ತಿ ಹೋಗಬೇಕು.

ಕ್ಷಯಕ್ಕೆ ಸಾಮಾನ್ಯ ಚಿಕಿತ್ಸೆ 6 ತಿಂಗಳು: ಮೊದಲ 2 ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ನಾಲ್ಕೂ, ನಂತರ ಕಡಿಮೆ ಔಷಧಗಳು. ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನ ಬೆಳೆಯುತ್ತದೆ, ಕೆಲವಂತೂ ಮಲಗಿಬಿಟ್ಟಿರುತ್ತವೆ. ಬೆಳೆಯದ ಕೋಶವನ್ನು ಔಷಧ ಸುಲಭವಾಗಿ ಕೊಲ್ಲಲಾರದು. ಒಂದೇ ಔಷಧ ಕೊಟ್ಟರೆ ಏನಾಗುತ್ತದೆಂದು 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಳಸಿದಾಗಲೇ ಗೊತ್ತಾಯಿತು. ಮೊದಲು ಚೇತರಿಸಿದ ರೋಗಿಗಳಲ್ಲಿ ಅನೇಕರಿಗೆ ಔಷಧಕ್ಕೆ ಬಗ್ಗದ ಕ್ಷಯ ಮರಳಿತು. ರಿಫಾಂಪಿಸಿನ್ ತೆಗೆದುಕೊಂಡಾಗ ಮೂತ್ರ, ಕಣ್ಣೀರು ಕಿತ್ತಳೆ ಬಣ್ಣವಾಗುತ್ತದೆ. ಹೆದರಿ ಮಾತ್ರೆ ಬಿಡಬೇಡಿ.

ಮಾತ್ರೆಯ ಹೊತ್ತು, ಊಟ, ಹಾಲು ಇವುಗಳ ಲೆಕ್ಕವೇನು?

ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಅದು ಕೆಲಸ ಮಾಡುವುದು ಮಟ್ಟ ಸಾಕಷ್ಟಿದ್ದಷ್ಟು ಹೊತ್ತು ಮಾತ್ರ. ಆದ್ದರಿಂದ ದಿನಕ್ಕೆ ಮೂರು ಸಲ ಎಂದರೆ ಸುಮಾರು 8 ಗಂಟೆಗೊಮ್ಮೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನುಂಗಿ ರಾತ್ರಿಯಿಡೀ ಖಾಲಿ ಬಿಟ್ಟರೆ ಬ್ಯಾಕ್ಟೀರಿಯಾಕ್ಕೆ ಬಿಡುವು. ಅಜಿಥ್ರೊಮೈಸಿನ್ ಅಂಗಾಂಶಗಳಲ್ಲಿ ದಿನಗಟ್ಟಲೆ ಉಳಿಯುವುದರಿಂದ ದಿನಕ್ಕೊಂದು ಸಾಕು. ಮರೆತ ಡೋಸನ್ನು ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬೇಡಿ.

ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್ ಜೊತೆ ಗಂಟುಬಿದ್ದು ಕರುಳಿನಲ್ಲೇ ಉಳಿದುಹೋಗುತ್ತದೆ. ಅವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ. ಬರಿಯ ಹಾಲಿನ ಜೊತೆಗೂ ಬೇಡ. ಡಾಕ್ಸಿಸೈಕ್ಲಿನ್‌ಗೆ ತುಂಬು ಲೋಟ ನೀರು ಬೇಕು, ನುಂಗಿ ಅರ್ಧ ಗಂಟೆ ಮಲಗಬಾರದು. ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ.

ಮಕ್ಕಳ ಪುಡಿ ಸಿರಪ್ ಕಲಸುವಾಗ ಮೊದಲು ಬಾಟಲಿಯನ್ನು ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿಗಿಂತ ಕಡಿಮೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆ ಮುಟ್ಟುವಷ್ಟು ಸೇರಿಸಿ. ನೊರೆಯನ್ನೇ ಮಟ್ಟವೆಂದು ತಿಳಿದರೆ ಔಷಧ ಗಟ್ಟಿಯಾಗಿ ಪ್ರಮಾಣ ಹೆಚ್ಚಾಗುತ್ತದೆ. ಪ್ರತಿ ಸಲ ಕುಲುಕಿ ಕೊಡಿ. ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ.

ಆಂಟಿಬಯೋಟಿಕ್‌ಗೆ ದೇಹ ಒಗ್ಗಿಹೋಗುತ್ತದೆಯೇ?

ಒಗ್ಗುವುದು ದೇಹವಲ್ಲ, ಬ್ಯಾಕ್ಟೀರಿಯಾ. ಕೋಟಿಗಟ್ಟಲೆ ಕೋಶಗಳಲ್ಲಿ ಒಂದೆರಡಕ್ಕೆ ಆಕಸ್ಮಿಕ ಬದಲಾವಣೆಯಿಂದ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿರುತ್ತದೆ: ಔಷಧವನ್ನು ಕತ್ತರಿಸುವ ಬೀಟಾ ಲ್ಯಾಕ್ಟಮೇಸ್ ಕಿಣ್ವ, ಒಳಬಂದದ್ದನ್ನು ಹೊರಹಾಕುವ ಪಂಪು, ಅಥವಾ ಆಕಾರ ಬದಲಿಸಿದ ಗುರಿ. ಔಷಧ ಉಳಿದವನ್ನು ಕೊಂದಾಗ ಇವಕ್ಕೆ ಜಾಗ ಖಾಲಿ ಸಿಗುತ್ತದೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೂಲಕ ಈ ವಿದ್ಯೆಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ನೆಗಡಿಗೆ ನುಂಗಿದ ಮಾತ್ರೆ ವೈರಸ್ಸನ್ನು ಮುಟ್ಟುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಈ ಆಯ್ಕೆ ನಡೆಸುತ್ತದೆ. ಮನೆಯಲ್ಲಿ ಉಳಿದ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡಬೇಡಿ ಎನ್ನುವುದು ಇದಕ್ಕೇ.

ವೈರಸ್‌ಗೆ ಔಷಧವೇ ಇಲ್ಲವೇ?

ಇವೆ, ಆದರೆ ಒಂದೊಂದು ವೈರಸ್‌ಗೆ ಒಂದೊಂದು, ಗಡುವೂ ಬಿಗಿ. ಫ್ಲೂಗೆ ಒಸೆಲ್ಟಾಮಿವಿರ್ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ. ಸರ್ಪಸುತ್ತಿಗೆ ಏಸೈಕ್ಲೊವಿರ್ 72 ಗಂಟೆಯೊಳಗೆ. ಈ ಏಸೈಕ್ಲೊವಿರ್ ಜಾಣ ಮದ್ದು: ವೈರಸ್‌ನದೇ ಕಿಣ್ವ ಅದನ್ನು ಚಾಲೂ ಮಾಡುತ್ತದೆ, ಸೋಂಕಿಲ್ಲದ ಕೋಶದಲ್ಲಿ ಅದು ಬಹುತೇಕ ಸುಮ್ಮನಿರುತ್ತದೆ. ಹೆಪಟೈಟಿಸ್ ಸಿ ಈಗ 8-12 ವಾರಗಳ ಮಾತ್ರೆಯಿಂದ ಶೇ. 95ಕ್ಕೂ ಹೆಚ್ಚು ಮಂದಿಯಲ್ಲಿ ಪೂರ್ತಿ ವಾಸಿಯಾಗುತ್ತದೆ. ಎಚ್‌ಐವಿ ಕೋಶದ ಡಿಎನ್‌ಎಯಲ್ಲೇ ಸೇರಿಕೊಳ್ಳುವುದರಿಂದ ವಾಸಿಯಾಗುವುದಿಲ್ಲ. ಆದರೆ ಔಷಧ ಬಿಡದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಅದು ಹರಡುವುದಿಲ್ಲ. ಸೂಜಿ ಚುಚ್ಚಿಕೊಂಡಂಥ ಅಪಘಾತದ ನಂತರ ತಡೆ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ಬೇಗ ಆದಷ್ಟೂ ಒಳ್ಳೆಯದು.

ಹುಳುಕಡ್ಡಿ, ಮಲೇರಿಯಾ, ಜಂತುಹುಳು?

ಹುಳುಕಡ್ಡಿ ತರುವುದು ಶಿಲೀಂಧ್ರ. ಅದರ ಕೋಶ ನಮ್ಮ ಕೋಶಕ್ಕೆ ಹತ್ತಿರದ ಸಂಬಂಧಿ, ಹೊಡೆಯಲು ಗುರಿಗಳು ಕಡಿಮೆ. ಹೆಚ್ಚಿನ ಮದ್ದುಗಳು ಅದರ ಪೊರೆಯ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಶದ ಮೇಲೆ ಕೆಲಸ ಮಾಡುತ್ತವೆ. ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚುವುದು ದೊಡ್ಡ ತಪ್ಪು. ತುರಿಕೆ ಎರಡೇ ದಿನದಲ್ಲಿ ನಿಂತು ವಾಸಿಯಾದಂತೆ ಕಾಣುತ್ತದೆ, ಅಲ್ಲಿನ ಪ್ರತಿರೋಧ ಕುಗ್ಗಿ ಶಿಲೀಂಧ್ರ ಅಗಲಕ್ಕೆ ಹಬ್ಬುತ್ತದೆ, ಅಂಚಿನ ಗುರುತು ಅಳಿಸಿ ವೈದ್ಯರಿಗೂ ಪತ್ತೆ ಕಷ್ಟವಾಗುತ್ತದೆ.

ಫಾಲ್ಸಿಪ್ಯಾರಂ ಎಂಬ ಬಗೆಯ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಜೋಡಿ ಔಷಧ 3 ದಿನ. ಆರ್ಟೆಮಿಸಿನಿನ್ ಭಾಗ ಬೇಗ ಕೊಂದು ಬೇಗ ಕರಗುತ್ತದೆ, ಜೊತೆಯ ಔಷಧ ಉಳಿದವನ್ನು ನೋಡಿಕೊಳ್ಳುತ್ತದೆ. ವೈವಾಕ್ಸ್ ಮಲೇರಿಯಾದಲ್ಲಿ ಕೆಲವು ಪರಾವಲಂಬಿಗಳು ಯಕೃತ್ತಿನಲ್ಲಿ ಮಲಗಿ ತಿಂಗಳುಗಳ ನಂತರ ಏಳುತ್ತವೆ. ಅವಕ್ಕೆ ಪ್ರಿಮಾಕ್ವಿನ್, ರೂಢಿಯ ಕ್ರಮದಲ್ಲಿ 14 ದಿನ. ಕೊಡುವ ಮೊದಲು ಜಿ6ಪಿಡಿ ಕಿಣ್ವದ ಪರೀಕ್ಷೆ ಆಗಬೇಕು, ಕೊರತೆ ಇದ್ದವರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಜಂತುಹುಳುವಿಗೆ 2 ವರ್ಷ ಮೀರಿದವರಿಗೆ ಆಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಸಲ. ಚಿಕ್ಕ ಮಕ್ಕಳಿಗೆ ಪುಡಿಮಾಡಿ ಕೊಡಿ, ಉಸಿರುನಾಳಕ್ಕೆ ಸಿಕ್ಕಬಾರದು.

ಜ್ವರದ ಮಾತ್ರೆ, ಓಆರ್‌ಎಸ್ ಸೋಂಕನ್ನು ಗುಣಪಡಿಸುತ್ತವೆಯೇ?

ಪ್ಯಾರಾಸಿಟಮಾಲ್ ನೋವು, ಬಳಲಿಕೆ ಇಳಿಸುತ್ತದೆ, ಅಷ್ಟೆ. ಮಕ್ಕಳಿಗೆ ಕಿಲೊಗೆ 10-15 ಮಿ.ಗ್ರಾಂ, 4-6 ಗಂಟೆ ಅಂತರ ಬಿಟ್ಟು, ದಿನಕ್ಕೆ ನಾಲ್ಕು ಸಲ ಮೀರದಂತೆ. ನೆಗಡಿಯ ಹಲವು ಸಿರಪ್‌ಗಳಲ್ಲೂ ಅದೇ ಇರುತ್ತದೆ, ಎರಡೂ ಕೊಟ್ಟರೆ ಯಕೃತ್ತಿಗೆ ಪೆಟ್ಟು. ಡೆಂಗಿಯ ಅನುಮಾನವಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚೀತು.

ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ, ಜೀವ ಉಳಿಸುತ್ತದೆ. ಕಾಲರಾದಲ್ಲಿ ಕರುಳು ನೀರು ಸೋರುತ್ತಿದ್ದರೂ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಸೇರುವ ದಾರಿ ತೆರೆದೇ ಇರುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಒಂದು ಲೀಟರ್‌ನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕಿ. ಅರ್ಧ ಪೊಟ್ಟಣ ಲೋಟಕ್ಕೆ ಸುರಿದರೆ ರಕ್ತದಲ್ಲಿ ಉಪ್ಪೇರಿ ಮಗುವಿಗೆ ಫಿಟ್ಸ್ ಬರಬಹುದು. ಪ್ರತಿ ಭೇದಿಯ ನಂತರ 2 ವರ್ಷದೊಳಗಿನವರಿಗೆ 50-100 ಮಿ.ಲೀ., ದೊಡ್ಡ ಮಕ್ಕಳಿಗೆ 100-200 ಮಿ.ಲೀ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ. 24 ಗಂಟೆ ಮೀರಿದ್ದನ್ನು ಚೆಲ್ಲಿ. ಜೊತೆಗೆ ಮಕ್ಕಳಿಗೆ ಸತು 20 ಮಿ.ಗ್ರಾಂ, 6 ತಿಂಗಳೊಳಗಿನವರಿಗೆ 10 ಮಿ.ಗ್ರಾಂ, 10-14 ದಿನ.

ಪೆನಿಸಿಲಿನ್ ಅಲರ್ಜಿ ಇದೆ ಎಂದು ಚೀಟಿಯಲ್ಲಿದೆ. ಜೀವಮಾನವಿಡೀ ಬಿಡಬೇಕೇ?

ಹಾಗೆ ಬರೆಸಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಪರೀಕ್ಷಿಸಿದಾಗ ಅಲರ್ಜಿ ಇರುವುದಿಲ್ಲ. ಬಾಲ್ಯದ ವೈರಸ್ ಜ್ವರದ ದದ್ದನ್ನೋ ಮಾತ್ರೆಯ ಭೇದಿಯನ್ನೋ ಅಲರ್ಜಿಯೆಂದು ಬರೆದಿರುತ್ತಾರೆ. ಏನಾಗಿತ್ತು, ಎಷ್ಟು ಹೊತ್ತಿಗೆ ಆಯಿತು ಎಂದು ವೈದ್ಯರಿಗೆ ವಿವರಿಸಿ, ಪರೀಕ್ಷೆ ಕೇಳಿ. ಮನೆಯಲ್ಲಿ ನುಂಗಿ ನೋಡಬೇಡಿ. ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಗಂಧೆ, ತುಟಿ ಊತ, ಉಸಿರಾಟದ ತೊಂದರೆ, ತಲೆಸುತ್ತು ಬಂದಿದ್ದರೆ ಅದು ನಿಜವಾದ ಅಪಾಯ. ಆಗ ಬೇಕಾದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್, ವಯಸ್ಕರಿಗೆ 0.5 ಮಿ.ಗ್ರಾಂ. ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಲ್ಲ. ಲಸಿಕೆಯ ನಂತರ 15-30 ನಿಮಿಷ ಕೂರಿಸುವುದೂ ಇದೇ ಕಾರಣಕ್ಕೆ.

ಯಾವಾಗ ಒಂದು ಗಂಟೆಯೂ ಕಾಯಬಾರದು?

3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ, ಬೇರೆ ಲಕ್ಷಣ ಇಲ್ಲದಿದ್ದರೂ. ಯಾರಿಗೇ ಆಗಲಿ ಜ್ವರದ ಜೊತೆ ಗೊಂದಲ, ಎಬ್ಬಿಸಿದರೂ ಏಳದ ನಿದ್ದೆ, ಏದುಸಿರು, ಕುತ್ತಿಗೆ ಬಿಗಿತ, ಬೂದುಬಣ್ಣಕ್ಕೆ ತಿರುಗಿದ ತಣ್ಣನೆಯ ಕೈಕಾಲು, ಅರ್ಧ ದಿನ ಮೂತ್ರವೇ ಆಗದಿರುವುದು, ಗಾಜಿನ ಲೋಟ ಒತ್ತಿದರೂ ಮಾಸದ ನೇರಳೆ ಕಲೆಗಳು ಕಂಡರೆ. ಕೀಮೋಥೆರಪಿ ನಡೆಯುತ್ತಿರುವವರಿಗೆ ಬರಿಯ ಜ್ವರವೇ ಸಾಕು. ಸೆಪ್ಸಿಸ್‌ನಿಂದ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದತಪ್ಪಿ ಅಂಗಗಳು ಕೆಡುವ ಸ್ಥಿತಿ) ರಕ್ತದೊತ್ತಡ ಕುಸಿದವರಿಗೆ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಹೋಗಬೇಕು. ಆಸ್ಪತ್ರೆಗೆ ಹೊರಡುವಾಗ ಈವರೆಗೆ ನುಂಗಿದ ಮಾತ್ರೆಗಳ ಸ್ಟ್ರಿಪ್‌ಗಳನ್ನು, ಖಾಲಿಯಾದವನ್ನೂ ಸೇರಿಸಿ, ಜೊತೆಗೆ ಒಯ್ಯಿರಿ.